ಉಕ್ಕೋ, ಫಿನಾಲಿಕ್ಕೋ, ಬರೀ ಮರವೋ: ಪೂಲ್ ಕ್ಯೂಗೆ ಜಾಯಿಂಟ್ ಆರಿಸುವುದು ಹೇಗೆ

"ಕಸ್ಟಮ್ ಕ್ಯೂ ಮಾಡಿಸಬೇಕು ಅಂತಿದ್ದೀನಿ ಸಾರ್, ಜಾಯಿಂಟ್ ಯಾವುದು ಹಾಕಿಸಲಿ?" ಓದುಗರಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕ್ಯೂ ಅಂದರೆ ಚೆಂಡು ಹೊಡೆಯುವ ಕೋಲು, ಜಾಯಿಂಟ್ ಅಂದರೆ ಅದರ ಎರಡು ತುಂಡು ಕೂಡುವ ಜಾಗ. ಕೇಳುವವರಲ್ಲಿ ಅರ್ಧ ಜನ ಬೆಂಗಳೂರು, ಮೈಸೂರು ಕಡೆಯಲ್ಲಿ ಸ್ನೂಕರ್ ಆಡಿಕೊಂಡಿದ್ದು ಈಚೆಗೆ ನೈನ್-ಬಾಲ್ ಪೂಲ್‌ಗೆ ಬಂದವರು. ಇನ್ನರ್ಧ ಅಮೆರಿಕದಲ್ಲಿ ಕೆಲಸಕ್ಕಿದ್ದು, ಅಲ್ಲಿನ ಕ್ಯೂ ತಯಾರಕರ ಹತ್ತಿರ ಹೆಸರು ಬರೆಸಿ ಸರದಿಗೆ ಕಾಯುತ್ತಿರುವವರು. ಉಕ್ಕಿನ ಜಾಯಿಂಟ್ ಅಂದರೆ ಗಟ್ಟಿ ಹೊಡೆತ, ಮರದ್ದು ಅಂದರೆ ಮೆದು ಹೊಡೆತ ಎಂಬ ಮಾತನ್ನು ಎಲ್ಲರೂ ಎಲ್ಲಿಂದಲೋ ಕೇಳಿಸಿಕೊಂಡು ಬಂದಿರುತ್ತಾರೆ.

ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದನ್ನೊಂದೇ ನಂಬಿ ದುಡ್ಡು ಹಾಕಬೇಡಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಜಾಯಿಂಟ್ ಯಾವ ವಸ್ತುವಿನದು ಎನ್ನುವುದಕ್ಕಿಂತ ಅದರ ಎರಡು ಮುಖಗಳು ಎಷ್ಟು ಸರಿಯಾಗಿ ಕೂತಿವೆ, ಅದು ಎಷ್ಟು ತೂಗುತ್ತದೆ ಎನ್ನುವುದೇ ಕೈಗೆ ಹೆಚ್ಚು ತಿಳಿಯುತ್ತದೆ. ವಸ್ತುವಿನ ಪಾತ್ರ ಬಹುಮಟ್ಟಿಗೆ ಈ ಎರಡರ ಮೂಲಕವೇ, ಉಳಿದದ್ದು ಕಿವಿಯ ಮೂಲಕ. ನಂಬಬೇಕಿಲ್ಲ, ನೀವೇ ಪರೀಕ್ಷಿಸುವ ದಾರಿಯೂ ಕೆಳಗಿದೆ.

ಬೇಕಾದ ಸಾಮಾನು: ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ, ಅಳತೆ ಟೇಪು, ಒಂದು ಪೆನ್ಸಿಲ್, ಒಂದು ಕರ್ಚೀಫು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಒಂದು ನೋಟ್‌ಬುಕ್. ಜೊತೆಗೆ ಬೇರೆ ಬೇರೆ ಜಾಯಿಂಟಿನ ಮೂರು ನಾಲ್ಕು ಕ್ಯೂಗಳನ್ನು ಅರ್ಧ ದಿನ ಬಿಟ್ಟುಕೊಡುವ ಗೆಳೆಯರು. ಕೊನೆಯದೇ ಕಷ್ಟ.

ಹಂತ 1: ಜಾಯಿಂಟ್ ಎಂದರೆ ಒಂದೇ ವಸ್ತುವಲ್ಲ

ಪೂಲ್ ಕ್ಯೂ ಸಾಮಾನ್ಯವಾಗಿ 58 ಇಂಚು ಉದ್ದ, ನಡುವೆ ಎರಡು ತುಂಡು. ಹಿಡಿಯುವ ದಪ್ಪ ತುಂಡು ಬಟ್, ಚೆಂಡಿಗೆ ತಾಗುವ ತೆಳು ತುಂಡು ಶಾಫ್ಟ್. ಇವೆರಡನ್ನು ಕೂಡಿಸುವ ಜಾಗದಲ್ಲಿ ನಾಲ್ಕು ಸಂಗತಿಗಳಿವೆ.

ಪಿನ್: ಬಟ್‌ನಿಂದ ಹೊರಚಾಚಿರುವ ತಿರುಪು.
ಕಾಲರ್: ಬಟ್‌ನ ಮತ್ತು ಶಾಫ್ಟ್‌ನ ಬಾಯಿಗೆ ತೊಡಿಸಿದ ಬಳೆ. ಮರ ಸೀಳದಂತೆ ಕಾಯುವುದು ಇದರ ಕೆಲಸ.
ಇನ್ಸರ್ಟ್: ಶಾಫ್ಟ್‌ನೊಳಗೆ ಕೂರಿಸಿದ ಥ್ರೆಡ್ (ತಿರುಪಿನ ಸುತ್ತುಗೆರೆ) ಇರುವ ಲೋಹದ ಕೊಳವೆ, ಸಾಮಾನ್ಯವಾಗಿ ಹಿತ್ತಾಳೆಯದು. ಕೆಲವು ಕ್ಯೂಗಳಲ್ಲಿ ಇದು ಇರುವುದೇ ಇಲ್ಲ, ಥ್ರೆಡ್ಡನ್ನು ನೇರವಾಗಿ ಮರದಲ್ಲೇ ಕೊರೆದಿರುತ್ತಾರೆ.
ಮುಖ: ಎರಡು ತುಂಡುಗಳು ಒಂದಕ್ಕೊಂದು ತಾಗುವ ಮೇಲ್ಮೈ. ಎರಡೂ ಸಪಾಟಾಗಿದ್ದರೆ ಫ್ಲ್ಯಾಟ್-ಫೇಸ್ ಜಾಯಿಂಟ್. ಶಾಫ್ಟ್‌ನ ಇನ್ಸರ್ಟ್ ಸ್ವಲ್ಪ ಹೊರಚಾಚಿ, ಬಟ್ ಕಾಲರಿನ ಗುಳಿಯೊಳಗೆ ಇಳಿದು ಕೂರುವಂತಿದ್ದರೆ ಪೈಲಟೆಡ್ ಜಾಯಿಂಟ್.

ಯಾರಾದರೂ "ನನ್ನದು ಸ್ಟೀಲ್ ಜಾಯಿಂಟ್" ಅಂದರೆ ಕೇಳಿ: ಕಾಲರ್ ಸ್ಟೀಲೋ, ಪಿನ್ ಸ್ಟೀಲೋ? ಫಿನಾಲಿಕ್ (ರಾಳ ಸೇರಿಸಿ ಒತ್ತಿದ ಗಟ್ಟಿ ವಸ್ತು) ಕಾಲರಿನ ಎಷ್ಟೋ ಕ್ಯೂಗಳ ಪಿನ್ ಉಕ್ಕಿನದೇ. ಗೊಂದಲದ ಅರ್ಧ ಇಲ್ಲೇ ಹುಟ್ಟುವುದು.

ಹಂತ 2: "ಫೀಲ್" ಅಂದರೆ ನಿಮಗೇನು, ಬರೆದಿಡಿ

ಹಿಟ್ ಚೆನ್ನಾಗಿದೆ ಎನ್ನುವಾಗ ಜನ ಕನಿಷ್ಠ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತಲ್ಲಿ ಹೇಳುತ್ತಿರುತ್ತಾರೆ: ಹೊಡೆದಾಗಿನ ಸದ್ದು, ಹಿಡಿದ ಕೈಗೆ ಬರುವ ಕಂಪನ, ಶಾಫ್ಟ್ ಬಾಗುವ ಅಥವಾ ಬಾಗದ ಅನುಭವ, ಕ್ಯೂ ಮುಂದಕ್ಕೆ ಭಾರವೋ ಹಿಂದಕ್ಕೆ ಭಾರವೋ ಎನ್ನುವುದು. ನಿಮಗೆ ಇವುಗಳಲ್ಲಿ ಯಾವುದು ಬೇಕು ಎಂದು ಒಂದೊಂದೇ ಸಾಲು ಬರೆಯಿರಿ. "ಸಾಲಿಡ್ ಆಗಿರಬೇಕು" ಎಂದಷ್ಟೇ ಬರೆದರೆ ಮಾಡುವವನಿಗೂ ಉಪಯೋಗವಿಲ್ಲ, ನಿಮಗೂ ಇಲ್ಲ.

ಇನ್ನೊಂದು ನೆನಪಿಡಿ. ಟಿಪ್ (ಶಾಫ್ಟ್ ತುದಿಗೆ ಅಂಟಿಸಿದ, ಚೆಂಡಿಗೆ ತಾಗುವ ಚಿಕ್ಕ ತುಂಡು) ಮತ್ತು ಚೆಂಡು ಒಂದಕ್ಕೊಂದು ತಾಗಿರುವುದು ಹೆಚ್ಚುಕಡಿಮೆ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಕೈಗೆ ಕಂಪನ ತಿಳಿದು ಮನಸ್ಸಿಗೆ ಮುಟ್ಟುವಷ್ಟರಲ್ಲಿ ಬಿಳಿ ಚೆಂಡು ಹೊರಟುಹೋಗಿರುತ್ತದೆ. ಎಂದರೆ ಫೀಲ್ ಎನ್ನುವುದು ಮುಗಿದ ಹೊಡೆತದ ವರದಿ. ವರದಿ ಇಷ್ಟವಾಗಬೇಕು ನಿಜ, ಮುಂದಿನ ಹೊಡೆತದ ಧೈರ್ಯ ಅದರಿಂದಲೇ ಬರುತ್ತದೆ. ಆದರೆ ಜಾಯಿಂಟ್ ಬದಲಿಸಿದರೆ ಚೆಂಡು ಬೇರೆ ದಾರಿ ಹಿಡಿಯುತ್ತದೆ ಎಂದುಕೊಳ್ಳಬೇಡಿ.

ಮುಖ್ಯವಾಗಿ ಡಿಫ್ಲೆಕ್ಷನ್ ವಿಷಯದಲ್ಲಿ. ಪಕ್ಕಕ್ಕೆ ಹೊಡೆದು ಸೈಡ್ ಸ್ಪಿನ್ ಕೊಟ್ಟಾಗ ಬಿಳಿ ಚೆಂಡು ಗುರಿಯಿಂದ ಸ್ವಲ್ಪ ಓರೆಯಾಗಿ ಹೊರಡುತ್ತದಲ್ಲ, ಅದೇ ಡಿಫ್ಲೆಕ್ಷನ್. ಇದನ್ನು ತೀರ್ಮಾನಿಸುವುದು ಶಾಫ್ಟ್‌ನ ತುದಿಯ ಕೆಲವೇ ಇಂಚುಗಳ ತೂಕ. ಶಾಫ್ಟ್ ಅಡ್ಡಕ್ಕೆ ಅಲುಗುವ ಅಲೆ ಅಷ್ಟು ಕಡಿಮೆ ಹೊತ್ತಿನಲ್ಲಿ 29 ಇಂಚು ಹಿಂದಿರುವ ಜಾಯಿಂಟನ್ನು ತಲುಪುವುದೇ ಇಲ್ಲ. "ಈ ಜಾಯಿಂಟ್ ಹಾಕಿದರೆ ಡಿಫ್ಲೆಕ್ಷನ್ ಕಮ್ಮಿ" ಎಂದು ಮಾರುವವರು ಹೇಳಿದರೆ ನಕ್ಕು ಸುಮ್ಮನಿರಿ.

ಹಂತ 3: ಮೊದಲು ಟಿಪ್ ಬದಲಿಸಿ

ಈಗಿರುವ ಕ್ಯೂನ ಹಿಟ್ ಹಿಡಿಸುತ್ತಿಲ್ಲ ಎಂದು ಕಸ್ಟಮ್ ಕ್ಯೂ ಮಾಡಿಸಹೊರಟಿದ್ದರೆ, ಒಂದು ವಾರ ತಡೆಯಿರಿ. ಹಳೆಯ ಟಿಪ್ ತೆಗೆಸಿ ಬೇರೆ ಗಡಸುತನದ್ದನ್ನು ಅಂಟಿಸಿ ಆಡಿ. ಫೀಲ್ ಬದಲಾಗುವ ಪ್ರಮಾಣದಲ್ಲಿ ಟಿಪ್ ಮೊದಲು, ಆಮೇಲೆ ಶಾಫ್ಟ್‌ನ ಮರ ಮತ್ತು ಅದು ಸಣ್ಣಗಾಗುತ್ತ ಹೋಗುವ ಬಗೆ, ಆಮೇಲೆ ಫೆರೂಲ್ (ಟಿಪ್‌ನ ಕೆಳಗಿನ ಬಿಳಿ ಉಂಗುರ), ಆಮೇಲೆ ಜಾಯಿಂಟ್. ಒಂದೇ ಬಟ್‌ಗೆ ಎರಡು ಶಾಫ್ಟ್ ಇಟ್ಟುಕೊಂಡಿರುವ ಯಾರನ್ನಾದರೂ ಕೇಳಿ. ಪಿನ್ ಅದೇ, ಬಟ್ ಕಾಲರ್ ಅದೇ, ಹಿಟ್ ಮಾತ್ರ ಎರಡು ಥರ.

ಹಂತ 4: ಕಾಲರ್ ಆರಿಸಿ

ಸ್ಟೇನ್‌ಲೆಸ್ ಸ್ಟೀಲ್. ನ್ಯೂಯಾರ್ಕಿನ ಜಾರ್ಜ್ ಬಲಬುಷ್ಕ 1959ರಿಂದ 1975ರಲ್ಲಿ ತೀರಿಕೊಳ್ಳುವವರೆಗೆ ಮಾಡಿದ ಕ್ಯೂಗಳಿಂದ ಪೈಲಟೆಡ್ ಉಕ್ಕಿನ ಜಾಯಿಂಟ್‌ಗೆ ದೊಡ್ಡ ಹೆಸರು ಬಂತು. ಅವರ ಸಮಕಾಲೀನ ಗಸ್ ಸ್ಯಾಂಬೋಟಿಯದೂ ಅದೇ ಸಂಪ್ರದಾಯ. ಇಂದಿಗೂ ಷೋನ್ ಮುಂತಾದ ಕಂಪನಿಗಳು ಅದೇ ದಾರಿಯಲ್ಲಿವೆ. ಸದ್ದು ಚುರುಕು, ಮುಂಭಾಗ ಭಾರ. ಈ ಕ್ಯೂಗಳಲ್ಲಿ ಆಡಿದವರು "ಗಟ್ಟಿ" ಎನ್ನುವುದು ಈ ಸದ್ದು ಮತ್ತು ಭಾರ ಎರಡನ್ನೂ ಸೇರಿಸಿ. ಒಂದು ಸ್ವಾರಸ್ಯ ಗಮನಿಸಿ: ಪೈಲಟೆಡ್ ಜಾಯಿಂಟ್‌ನಲ್ಲಿ ಪೈಲಟ್ (ಹೊರಚಾಚಿದ ಆ ಇನ್ಸರ್ಟ್) ಗುಳಿಯಲ್ಲಿ ಎಷ್ಟು ಬಿಗಿಯಾಗಿ ಕೂತಿದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಕೆಟ್ಟದಾಗಿ ಕೂತ ಉಕ್ಕಿನ ಜಾಯಿಂಟ್ ಒಳ್ಳೆಯ ಪ್ಲಾಸ್ಟಿಕ್ ಜಾಯಿಂಟಿಗಿಂತ ಸಡಿಲ ಅನ್ನಿಸುತ್ತದೆ. ಉಕ್ಕು ತನ್ನಷ್ಟಕ್ಕೆ ಗಟ್ಟಿತನ ತಂದುಕೊಡುವುದಿಲ್ಲ.

ಫಿನಾಲಿಕ್. ಬಟ್ಟೆ ಅಥವಾ ಕಾಗದದ ಪದರಗಳನ್ನು ರಾಳದಲ್ಲಿ ಅದ್ದಿ, ಕಾಯಿಸಿ ಒತ್ತಿದ ಗಟ್ಟಿ ವಸ್ತು. ಹಳೆಯ ಎಲೆಕ್ಟ್ರಿಕ್ ಸ್ವಿಚ್ಚುಗಳ ಕಂದು ಬೇಕಲೈಟ್ ನೋಡಿದ್ದರೆ, ಅದರ ದಾಯಾದಿ. ಹಗುರ, ಹವೆಗೆ ಹಿಗ್ಗುವುದು ಕುಗ್ಗುವುದು ತೀರಾ ಕಡಿಮೆ. ಲಾಸ್ ವೇಗಸ್‌ನ ಸೌತ್‌ವೆಸ್ಟ್ ಕ್ಯೂಗಳ ಖ್ಯಾತಿ ನಿಂತಿರುವುದು ಫಿನಾಲಿಕ್ ಕಾಲರ್, ದಪ್ಪ ಪಿನ್, ಸಪಾಟು ಮುಖದ ಜಾಯಿಂಟ್ ಮೇಲೆ. ಆ ಕ್ಯೂಗಳಲ್ಲಿ ಆಡಿದವರು ಅವುಗಳ ಹಿಟ್ಟನ್ನೂ ಗಟ್ಟಿ ಎಂದೇ ಹೊಗಳುತ್ತಾರೆ. ಬಲಬುಷ್ಕದ ಉಕ್ಕೂ ಗಟ್ಟಿ, ಸೌತ್‌ವೆಸ್ಟ್‌ನ ಫಿನಾಲಿಕ್ಕೂ ಗಟ್ಟಿ ಎಂದಾದರೆ, ಗಟ್ಟಿತನ ವಸ್ತುವಿನಲ್ಲಿ ಎಲ್ಲಿ ಉಳಿಯಿತು?

ಪ್ಲಾಸ್ಟಿಕ್. ಮಿಯೂಚಿ ಕ್ಯೂಗಳು ಇದಕ್ಕೆ ಹೆಸರುವಾಸಿ. ಮೆದು ಹಿಟ್ ಎಂಬ ಕೀರ್ತಿ ಅವಕ್ಕೆ ಬಂದದ್ದರಲ್ಲಿ ಬಾಗುವ ಶಾಫ್ಟ್‌ನ ಪಾಲು ದೊಡ್ಡದು, ಹೆಸರು ಮಾತ್ರ ಜಾಯಿಂಟಿನ ಪಾಲಾಯಿತು.

ಮರಕ್ಕೆ ಮರ. ಶಾಫ್ಟ್‌ನಲ್ಲಿ ಇನ್ಸರ್ಟ್ ಇಲ್ಲದೆ ಥ್ರೆಡ್ಡನ್ನು ಮರದಲ್ಲೇ ಕೊರೆದು, ಎರಡೂ ಕಡೆಯ ಮರ ನೇರ ತಾಗುವ ಜಾಯಿಂಟ್. ಮೆಕ್‌ಡರ್ಮಾಟ್ ಕಂಪನಿಯ ಎಷ್ಟೋ ಕ್ಯೂಗಳು ಹೀಗಿವೆ. ಸದ್ದು ಒಂದೇ ತುಂಡಿನ ಕ್ಯೂಗೆ ಹತ್ತಿರ, "ಟಕ್" ಅನ್ನುವ ಬದಲು "ಡಬ್". ನನಗೆ ವೈಯಕ್ತಿಕವಾಗಿ ಇದೇ ಇಷ್ಟ. ಆದರೆ ನಮ್ಮ ಹವೆಗೆ ಇದು ಸ್ವಲ್ಪ ಕಿರಿಕಿರಿ, ಆ ಮಾತು ಕೊನೆಯಲ್ಲಿ ಹೇಳುತ್ತೇನೆ.

ಆನೆದಂತ. ಹಳೆಯ ಅಮೆರಿಕನ್ ಕ್ಯೂಗಳಲ್ಲಿ ದಂತದ ಜಾಯಿಂಟ್, ದಂತದ ಫೆರೂಲ್ ಸಿಗುತ್ತವೆ. ಅದರ ಹಿಟ್ ಬಗ್ಗೆ ದಂತಕಥೆಗಳೂ ಇವೆ. ಮುಟ್ಟಬೇಡಿ. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ದಂತದ ವ್ಯಾಪಾರ ಅಪರಾಧ. ಅಮೆರಿಕದಲ್ಲೂ 2016ರಿಂದ ಆಫ್ರಿಕದ ದಂತದ ವಾಣಿಜ್ಯ ವಹಿವಾಟು ಬಹುತೇಕ ನಿಂತಿದೆ. ಅಲ್ಲಿ ಅಗ್ಗಕ್ಕೆ ಸಿಕ್ಕ ಹಳೆಯ ಕ್ಯೂ ಒಂದನ್ನು ಊರಿಗೆ ತರುವ ಮುನ್ನ ಅದರ ಬಿಳಿ ಭಾಗಗಳೆಲ್ಲ ಏನು ಎಂದು ಖಚಿತಪಡಿಸಿಕೊಳ್ಳಿ.

ಹಂತ 5: ಪಿನ್ ಮತ್ತು ಥ್ರೆಡ್

3/8-10 ಎಂದು ಬರೆದಿದ್ದರೆ ಪಿನ್‌ನ ವ್ಯಾಸ ಇಂಚಿನ ಎಂಟರಲ್ಲಿ ಮೂರು ಪಾಲು, ಒಂದು ಇಂಚಿಗೆ 10 ಸುತ್ತು. 5/16-18 ಅಂದರೆ ತೆಳು ಪಿನ್, ಇಂಚಿಗೆ 18 ಸುತ್ತು. ಹಳೆಯ ಪೈಲಟೆಡ್ ಉಕ್ಕಿನ ಜಾಯಿಂಟ್‌ಗಳಲ್ಲಿ ಹೆಚ್ಚಾಗಿ 5/16-14, ಸೌತ್‌ವೆಸ್ಟ್‌ನದು 3/8-11. ರೇಡಿಯಲ್ ಪಿನ್ ಎನ್ನುವುದರಲ್ಲಿ ಥ್ರೆಡ್‌ನ ತಗ್ಗುಗಳು ಚೂಪಾಗಿರದೆ ದುಂಡಗಿರುತ್ತವೆ, ಹಾಗಾಗಿ ಮರದ ಥ್ರೆಡ್ಡನ್ನು ಕಡಿಯದೆ ತಾಗಿಕೊಂಡು ಕೂರುತ್ತದೆ. ಯೂನಿ-ಲಾಕ್‌ನಂಥ ಕ್ವಿಕ್-ರಿಲೀಸ್ ಜಾಯಿಂಟ್‌ಗಳು ಕೆಲವೇ ಸುತ್ತಿನಲ್ಲಿ ಬಿಗಿಯಾಗುತ್ತವೆ.

ಪಿನ್‌ನ ವಸ್ತು ನಾಲ್ಕು ಬಗೆ: ಸ್ಟೇನ್‌ಲೆಸ್ ಸ್ಟೀಲ್, ಹಿತ್ತಾಳೆ, ಟೈಟೇನಿಯಮ್, ಜಿ-10. ಕೊನೆಯದು ಗಾಜಿನ ನಾರು ಮತ್ತು ಎಪಾಕ್ಸಿಯ ಪದರ, ಎಲೆಕ್ಟ್ರಾನಿಕ್ ಬೋರ್ಡುಗಳ ಹಲಗೆಗೆ ಹತ್ತಿರದ ಸಂಬಂಧಿ.

ಇಲ್ಲಿ ಎಡವುವುದು ಎರಡು ಕಡೆ. ಒಂದು, ಅಪರೂಪದ ಥ್ರೆಡ್ ಹಾಕಿಸಿಕೊಳ್ಳುವುದು. ನಾಳೆ ಕಾರ್ಬನ್ ಫೈಬರ್ ಶಾಫ್ಟ್ ಕೊಳ್ಳಬೇಕೆನಿಸಿದರೆ 3/8-10, 5/16-18, ರೇಡಿಯಲ್, ಯೂನಿ-ಲಾಕ್‌ಗೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದೆ, ಅಪರೂಪದ್ದಕ್ಕೆ ಹೇಳಿ ಮಾಡಿಸಬೇಕಾಗಬಹುದು. ಎರಡು, ಹೆಸರು ಒಂದೇ ಎಂದು ನಂಬುವುದು. 3/8-10ರಲ್ಲೇ ಥ್ರೆಡ್‌ನ ತಳ ಚೂಪಾಗಿರುವುದು, ಚಪ್ಪಟೆಯಾಗಿರುವುದು ಎಂಬ ಭೇದಗಳಿವೆ. ಒಂದರ ಶಾಫ್ಟನ್ನು ಇನ್ನೊಂದರ ಪಿನ್‌ಗೆ ಬಲವಂತವಾಗಿ ತಿರುಗಿಸಿದರೆ ಮರದ ಥ್ರೆಡ್ ಅಲ್ಲಿಗೆ ಮುಗಿಯಿತು.

ಹಂತ 6: ತೂಕದ ಲೆಕ್ಕ ಹಾಕಿ

ಯಾರೂ ಮಾಡದ, ಆದರೆ ಅತಿ ಉಪಯೋಗದ ಹಂತ ಇದು. ಒಂದು ಘನ ಸೆಂಟಿಮೀಟರ್ ಸ್ಟೇನ್‌ಲೆಸ್ ಸ್ಟೀಲ್ ಸುಮಾರು 8 ಗ್ರಾಂ ತೂಗುತ್ತದೆ, ಹಿತ್ತಾಳೆ ಎಂಟೂವರೆ, ಟೈಟೇನಿಯಮ್ ನಾಲ್ಕೂವರೆ, ಜಿ-10 ಎರಡಕ್ಕೆ ಸ್ವಲ್ಪ ಕಡಿಮೆ, ಫಿನಾಲಿಕ್ ಒಂದೂಕಾಲರಿಂದ ಒಂದೂವರೆ. 3 ಇಂಚು ಉದ್ದದ 3/8 ಪಿನ್ ಲೆಕ್ಕಕ್ಕೆ ತೆಗೆದುಕೊಂಡರೆ ಉಕ್ಕಿನದು ಹತ್ತಿರ ಹತ್ತಿರ 35 ಗ್ರಾಂ, ಟೈಟೇನಿಯಮ್‌ನದು 20, ಜಿ-10ರದು 8. ಒಂದು ಇಂಚಿನ ಕಾಲರ್‌ನಲ್ಲೂ ಉಕ್ಕು ಮತ್ತು ಫಿನಾಲಿಕ್ ನಡುವೆ 25 ಗ್ರಾಂ ವ್ಯತ್ಯಾಸ ಸುಲಭವಾಗಿ ಬರುತ್ತದೆ.

19 ಔನ್ಸಿನ ಕ್ಯೂ ಎಂದರೆ 540 ಗ್ರಾಂ. ಅದರಲ್ಲಿ ಐವತ್ತು ಗ್ರಾಂ ಏನು ಮಹಾ ಅನ್ನಬಹುದು. ಅದು ಎಲ್ಲಿ ಕೂತಿದೆ ಎನ್ನುವುದು ವಿಷಯ. ಕ್ಯೂ ತೂಗಿ ನಿಲ್ಲುವ ಬಿಂದು ಬಟ್ ತುದಿಯಿಂದ ಸುಮಾರು 18ರಿಂದ 20 ಇಂಚು, ಜಾಯಿಂಟ್ ಇರುವುದು 29ರಲ್ಲಿ. ಹತ್ತು ಇಂಚು ಮುಂದೆ ಐವತ್ತು ಗ್ರಾಂ ಹೆಚ್ಚಾದರೆ ಆ ಬಿಂದು ಎರಡು ಸೆಂಟಿಮೀಟರಿಗೂ ಹೆಚ್ಚು ಮುಂದಕ್ಕೆ ಸರಿಯುತ್ತದೆ. ಅದು ಹಿಡಿದ ತಕ್ಷಣ ಕೈಗೆ ಗೊತ್ತಾಗುವ ಅಂತರ, ಚೆಂಡನ್ನು ಹೊಡೆಯುವುದೇ ಬೇಡ.

ಸ್ನೂಕರ್‌ನಿಂದ ಬಂದವರಿಗೆ ಇದು ಹೊಸದು. ಮುಕ್ಕಾಲು ಭಾಗದಲ್ಲಿ ಕೂಡುವ ಸ್ನೂಕರ್ ಕ್ಯೂನ ಹಿತ್ತಾಳೆ ಜಾಯಿಂಟ್ ಇರುವುದೇ ತೂಕದ ಬಿಂದುವಿನ ಹತ್ತಿರ. ಅಲ್ಲಿ ಎಷ್ಟು ಲೋಹ ಹಾಕಿದರೂ ಮುಂದು ಹಿಂದಿನ ಭಾರ ಅಷ್ಟಾಗಿ ಬದಲಾಗುವುದಿಲ್ಲ. ಪೂಲ್ ಕ್ಯೂನಲ್ಲಿ ಹಾಗಲ್ಲ.

ಮಾಡಬೇಕಾದ್ದು ಇಷ್ಟೇ: ನಿಮಗೆ ಹಿತವೆನಿಸಿದ ಕ್ಯೂ ಒಂದನ್ನು ಮಲಗಿಸಿದ ಪೆನ್ಸಿಲ್ ಮೇಲೆ ಅಡ್ಡಲಾಗಿ ಇಟ್ಟು, ಎರಡೂ ಕಡೆ ಬೀಳದೆ ನಿಲ್ಲುವ ಜಾಗ ಗುರುತಿಸಿ, ಬಟ್ ತುದಿಯಿಂದ ಅಳೆಯಿರಿ. ತೂಕವನ್ನೂ ನೋಡಿ. ಎರಡೂ ಅಂಕಿ ನೋಟ್‌ಬುಕ್‌ಗೆ.

ಹಂತ 7: ಕಣ್ಣು, ಕಿವಿ ಮುಚ್ಚಿ ಆಡಿ ನೋಡಿ

ಗೆಳೆಯರ ಕ್ಯೂಗಳ ಜಾಯಿಂಟ್ ಸುತ್ತ ಕರ್ಚೀಫು ಕಟ್ಟಿ, ಯಾವುದು ಯಾವುದೆಂದು ಕಾಣದಂತೆ ಒಬ್ಬರು ನಿಮ್ಮ ಕೈಗೆ ಕೊಡಲಿ. ಸಾಧ್ಯವಾದಷ್ಟು ಒಂದೇ ಥರದ ಟಿಪ್ ಇರುವ ಕ್ಯೂಗಳನ್ನೇ ಆರಿಸಿ, ಇಲ್ಲದಿದ್ದರೆ ನೀವು ಪರೀಕ್ಷಿಸುವುದು ಟಿಪ್ಪನ್ನು. ಪ್ರತಿ ಕ್ಯೂನಲ್ಲೂ ಒಂದೇ ಹೊಡೆತ, ಮೇಜಿನ ಉದ್ದಕ್ಕೆ ನೇರವಾಗಿ, ಹತ್ತು ಸಲ. ಮೊದಲ ಸುತ್ತು ಕಿವಿ ತೆರೆದು, ಎರಡನೆಯದು ಹೆಡ್‌ಫೋನಿನಲ್ಲಿ ಹಾಡು ಜೋರಾಗಿಟ್ಟು. ಪ್ರತಿ ಸಲ "ಉಕ್ಕು", "ಮರ" ಎಂದು ಊಹೆ ಬರೆಸಿ.

ನಾನು ಇದನ್ನು ಮಾಡಿದಾಗ ಕಿವಿ ಮುಚ್ಚಿದ ಸುತ್ತಿನಲ್ಲಿ ನನ್ನ ಊಹೆ ನಾಣ್ಯ ಚಿಮ್ಮಿದಷ್ಟೇ ಸರಿಯಿತ್ತು. ಹದಿನೈದು ವರ್ಷದ ಅಭಿಮಾನ ಒಂದೇ ಮಧ್ಯಾಹ್ನಕ್ಕೆ ಹೋಯಿತು. ನಿಮಗೆ ಬೇರೆ ಫಲಿತಾಂಶ ಬಂದರೂ ಬರಬಹುದು, ಬಂದರೆ ಅದನ್ನೇ ನಂಬಿ. ಕಿವಿಯಿಂದ ಮಾತ್ರ ವ್ಯತ್ಯಾಸ ತಿಳಿದರೆ ನಿಮಗೆ ಬೇಕಿರುವುದು ಒಂದು ಸದ್ದು, ಅದನ್ನು ಆರಿಸುವುದರಲ್ಲಿ ತಪ್ಪೇನಿಲ್ಲ.

ಹಂತ 8: ತಯಾರಕರಿಗೆ ಬರೆಯುವಾಗ

ಒಳ್ಳೆಯ ತಯಾರಕರಿಗೆ ಅವರದೇ ಒಂದು ಜಾಯಿಂಟ್ ಪಳಗಿರುತ್ತದೆ. ಅವರು ವರ್ಷಗಟ್ಟಲೆ ಕೊರೆದು ಕೂರಿಸಿದ್ದನ್ನು ಬಿಟ್ಟು, ನೀವು ಓದಿದ ಯಾವುದೋ ಪಿನ್ ಹಾಕಿಕೊಡಿ ಎಂದರೆ ಅವರು ಹಾಕಿಕೊಡಬಹುದು, ಆದರೆ ನೀವು ಪಡೆಯುವುದು ಅವರ ಎರಡನೆಯ ದರ್ಜೆಯ ಕೆಲಸ. ಆದ್ದರಿಂದ ವಸ್ತುವನ್ನು ಹೇಳುವ ಬದಲು ಬೇಕಾದ ಫಲವನ್ನು ಹೇಳಿ: ಒಟ್ಟು ತೂಕ ಇಷ್ಟು, ತೂಕದ ಬಿಂದು ಬಟ್ ತುದಿಯಿಂದ ಇಷ್ಟು ಇಂಚು, ಸದ್ದು ಇಂಥ ಕ್ಯೂನಂತೆ, ಮುಂದೆ ಬೇರೆ ಶಾಫ್ಟ್ ಹಾಕುವ ಯೋಚನೆ ಇದೆ ಅಥವಾ ಇಲ್ಲ. ಕ್ಯೂ ಇರುವುದು ಮಂಗಳೂರಿನಲ್ಲೋ, ಕಲಬುರಗಿಯಲ್ಲೋ, ಅರಿಜೋನಾದಲ್ಲೋ ಎನ್ನುವುದನ್ನು ತಪ್ಪದೆ ತಿಳಿಸಿ. ಒಣ ಹವೆಯ ಊರಿನಲ್ಲಿ ಕೂತು ಕೆಲಸ ಮಾಡುವವರಿಗೆ ಕರಾವಳಿಯ ಆಷಾಢ ಊಹೆಗೆ ಬರುವುದಿಲ್ಲ.

ಹಂತ 9: ಕ್ಯೂ ಕೈಗೆ ಬಂದ ದಿನ

ಬಟ್ ಬೇರೆ, ಶಾಫ್ಟ್ ಬೇರೆ ಮೇಜಿನ ಮೇಲೆ ಉರುಳಿಸಿ. ಆಮೇಲೆ ಕೂಡಿಸಿ ಉರುಳಿಸಿ. ಬಿಡಿಯಾಗಿ ನೇರವಿದ್ದು ಕೂಡಿಸಿದಾಗ ತುದಿ ಕುಣಿದರೆ ಜಾಯಿಂಟಿನ ಮುಖ ಓರೆಯಾಗಿದೆ ಅಥವಾ ಪಿನ್ ಸೊಟ್ಟಗೆ ಕೂತಿದೆ. ಮರಳಿಸಲು ಇದು ನ್ಯಾಯವಾದ ಕಾರಣ.

ಕೂಡಿಸಿದ ಗೆರೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಎಲ್ಲೂ ಬೆಳಕು ನುಸುಳಬಾರದು. ಉಗುರನ್ನು ಗೆರೆಯ ಮೇಲೆ ಎಳೆದರೆ ಮೆಟ್ಟಿಲು ತಾಗಬಾರದು.

ಕೊನೆಗೆ, ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತೇವಲ್ಲ, ಹಾಗೆ. ಕ್ಯೂವನ್ನು ನಡುವೆ ಸಡಿಲವಾಗಿ ಹಿಡಿದು ಬಟ್‌ಗೆ ಅಂಗೈಯಿಂದ ಮೆಲ್ಲಗೆ ಹೊಡೆಯಿರಿ. ಸದ್ದು ಒಂದೇ ಆಗಿ ಸಾಯಬೇಕು. ಜೀರುಂಡೆಯಂತೆ ಗುಂಯ್ ಅಂದರೆ ಏನೋ ಸಡಿಲವಿದೆ. ಇಲ್ಲಿ ಬಹಳ ಜನ ನೇರ ಜಾಯಿಂಟನ್ನೇ ದೂರುತ್ತಾರೆ. ಮೊದಲು ಬಟ್ ತಳದ ರಬ್ಬರ್ ಬಂಪರ್ ತೆಗೆದು, ಒಳಗಿರುವ ತೂಕದ ಬೋಲ್ಟ್ ಬಿಗಿಯಾಗಿದೆಯೇ ನೋಡಿ. ಆಮೇಲೆ ಟಿಪ್, ಫೆರೂಲ್. ಇವೆಲ್ಲ ಸರಿಯಿದ್ದೂ ಗುಂಯ್ ನಿಲ್ಲದಿದ್ದರೆ ಆಗ ಜಾಯಿಂಟ್.

ಕೂಡಿಸುವಾಗ ಕೈಬಿಗಿ ಸಾಕು. ಬಿಗಿ ಹೆಚ್ಚಿದಷ್ಟೂ ಹಿಟ್ ಗಟ್ಟಿ ಎಂದು ತಿರುಚಿದರೆ ಕಾಲರ್ ಬಿರುಕು ಬಿಡುತ್ತದೆ. ಪಿನ್‌ಗೆ ಎಣ್ಣೆ ಹಚ್ಚಬೇಡಿ, ಅದು ಚಾಕ್ ಪುಡಿಯನ್ನು ಹಿಡಿದು ಮರಳುಕಾಗದದಂತೆ ಥ್ರೆಡ್ಡನ್ನು ಸವೆಸುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಬಿಚ್ಚಿಟ್ಟಾಗ ಜಾಯಿಂಟ್ ಪ್ರೊಟೆಕ್ಟರ್ (ಪಿನ್‌ಗೂ ಶಾಫ್ಟ್‌ನ ಬಾಯಿಗೂ ಹಾಕುವ ಮುಚ್ಚಳ) ಹಾಕಿ.

ಇನ್ನು ಮರಕ್ಕೆ ಮರ ಜಾಯಿಂಟಿನ ಮಳೆಗಾಲದ ತಾಪತ್ರಯ. ಹವೆಯ ತೇವಕ್ಕೆ ಶಾಫ್ಟ್‌ನ ಮರ ಹಿಗ್ಗಿ, ಮೇ ತಿಂಗಳಲ್ಲಿ ಸಲೀಸಾಗಿ ತಿರುಗುತ್ತಿದ್ದದ್ದು ಜುಲೈನಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಬಲ ಹಾಕಬೇಡಿ, ಥ್ರೆಡ್ಡನ್ನು ಕೆರೆಸಲು ಯಾರ ಹತ್ತಿರವೂ ಓಡಬೇಡಿ. ಎಸಿ ಇರುವ ಕೋಣೆಯಲ್ಲಿ ಶಾಫ್ಟನ್ನು ಒಂದು ರಾತ್ರಿ ಮಲಗಿಸಿಡಿ, ಗೋಡೆಗೆ ಒರಗಿಸಬೇಡಿ. ಬೆಳಿಗ್ಗೆ ಸಾಮಾನ್ಯವಾಗಿ ತಿರುಗುತ್ತದೆ. ತಿರುಗದಿದ್ದರೆ ಇನ್ನೊಂದು ರಾತ್ರಿ.